ಬ್ಯಾಡಗಿಯ ಘಾಟು, ರಾಣೆಬೆನ್ನೂರಿನ ನಳಿಗೆ

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬಸ್ಸು ಬ್ಯಾಡಗಿ ಕಡೆ ಹೊರಳಿದ ಮೇಲೆ ಊರು ಬಂತೆಂದು ಕಂಡಕ್ಟರ್ ಕೂಗಬೇಕಾಗಿಲ್ಲ, ಘಾಟಿಗೆ ಅರ್ಧ ಬಸ್ಸೇ ಸೀನುತ್ತದೆ. ಮಾರುಕಟ್ಟೆಯ ಪ್ರಾಂಗಣದ ತುಂಬ ಡಬ್ಬಿ, ಕಡ್ಡಿ ಮೆಣಸಿನಕಾಯಿಯ ರಾಶಿ. ಸುಕ್ಕುಗಟ್ಟಿದ ಮೈ, ಅಷ್ಟೇನೂ ಖಾರವಿಲ್ಲ, ಬಣ್ಣ ಮಾತ್ರ ಕಣ್ಣು ಕುಕ್ಕುವಂಥದು. 2011ರಲ್ಲಿ ಜಿಐ ಮಾನ್ಯತೆ ಪಡೆದ ಕಾಯಿ ಇದು. ಚೀಲಕ್ಕೊರಗಿ ಕೂತಿದ್ದ ರೈತರೊಬ್ಬರ ಹತ್ತಿರ ಬೆಳೆಯ ವಿಚಾರ ತೆಗೆದೆ.

"ಎಣ್ಣಿ ಹೊಡೀಲಿಲ್ಲಂದ್ರ ಎಲಿ ಮುದುಡಿ ಹೋಗ್ತಾವ್ರಿ ಸರ. ಹೊಡದ್ರ ನಮಗ ತಲಿ ತಿರಗತೈತಿ," ಅಂದರು. ನಗುತ್ತಲೇ ಅಂದರು. ಎಣ್ಣಿ ಅಂದರೆ ಇಲ್ಲಿ ಕೀಟನಾಶಕ.

ಆ ತಲೆಸುತ್ತಿನ ಜಾಡು ಹಿಡಿದು ರಾಣೆಬೆನ್ನೂರಿಗೆ ಬಂದೆ. ಹತ್ತಿ, ಬಿತ್ತನೆ ಬೀಜದ ವ್ಯಾಪಾರದ ಊರು. ಪರಿಚಯದ ಲ್ಯಾಬ್ ಟೆಕ್ನಿಷಿಯನ್ ಒಬ್ಬರು ಗಿರಗಿರ ತಿರುಗುವ ಯಂತ್ರದಿಂದ ನಳಿಗೆಯೊಂದನ್ನು ತೆಗೆದು ಬೆಳಕಿಗೆ ಹಿಡಿದರು. ಕೆಳಗೆ ಕೆಂಪು ಗಸಿ, ಮೇಲೆ ಒಣಹುಲ್ಲಿನ ಬಣ್ಣದ ತಿಳಿ. "ಇದರಾಗ ಐತ್ರಿ ನೋಡ್ರಿ ಅದು."

ಅದು ಎಂದರೆ ಬ್ಯುಟಿರಿಲ್‌ಕೋಲಿನೆಸ್ಟರೇಸ್, ಪಿತ್ತಜನಕಾಂಗ ತಯಾರಿಸಿ ರಕ್ತಕ್ಕೆ ಬಿಡುವ ಕಿಣ್ವ. ತಿಳಿಗೆ ರಾಸಾಯನಿಕ ಬೆರೆಸಿ, ಬಣ್ಣ ಎಷ್ಟು ಬೇಗ ಬದಲಾಗುತ್ತದೆಂದು ಯಂತ್ರ ಅಳೆಯುತ್ತದೆ. ಆರೋಗ್ಯವಂತರಲ್ಲಿ ಸಾವಿರಗಳಲ್ಲಿರುವ ಅಂಕಿ, ಆರ್ಗ್ಯಾನೊಫಾಸ್ಫೇಟ್ ಕೀಟನಾಶಕ ಜೋರಾಗಿ ಏರಿದವರಲ್ಲಿ ನೂರುಗಳಿಗೆ ಕುಸಿಯುತ್ತದೆ. ಮನೆಯ ನಾಯಿ ಕಳ್ಳನ ಧೋತರ ಕಚ್ಚಿ ಹಿಡಿದಂತೆ ಒಂದೊಂದು ಕಿಣ್ವವೂ ಒಂದೊಂದು ವಿಷದ ಕಣವನ್ನು ಹಿಡಿದು ಅಲ್ಲೇ ಸಿಕ್ಕಿಬೀಳುತ್ತದೆ. ನರಗಳಲ್ಲಿರುವ ಇದರ ಸೋದರ ಕಿಣ್ವಕ್ಕೂ ಅದೇ ಗತಿ. ಜೊಲ್ಲು, ಬೆವರು, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಕೊನೆಗೆ ಉಸಿರಿಗೇ ತೊಂದರೆ ಬರುವುದು ಅದರಿಂದಲೇ.

ಆ ತಿಳಿಯನ್ನು ನೋಡುತ್ತ ನಿಂತ ನನಗೆ ಮೈ ಜುಮ್ಮೆಂದದ್ದು ಮಾತ್ರ ಬೇರೆ ಕಾರಣಕ್ಕೆ. ಇದೇ ಕಿಣ್ವ ಕೊಕೇನನ್ನೂ ಕತ್ತರಿಸುತ್ತದೆ! ನಿಧಾನವಾಗಿ, ಆದರೆ ಕತ್ತರಿಸುತ್ತದೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಚಾಂಗ್-ಗುವೋ ಝಾನ್ ತಂಡ ಅದರ ಕೆಲವೇ ಅಮೈನೊ ಆಮ್ಲಗಳನ್ನು ಬದಲಿಸಿ ಆ ಕಸುವನ್ನು ಸುಮಾರು 2,000 ಪಟ್ಟು ಏರಿಸಿತು. ಮಾದಕ ಮಿದುಳು ಮುಟ್ಟುವ ಮೊದಲೇ ರಕ್ತದಲ್ಲೇ ಅದನ್ನು ಮುರಿದುಹಾಕುವ ಹಂಚಿಕೆ. ಗೀಳು ಬಿಡಿಸಲೆಂದು ಇಂಥದೊಂದು ಕಿಣ್ವವನ್ನು ಮನುಷ್ಯರಿಗೂ ಕೊಟ್ಟು ನೋಡಿದರು, ಮುಖ್ಯ ಗುರಿ ಕೈಗೂಡಲಿಲ್ಲ.

ಮಣ್ಣಿನ ಸೋಜಿಗ ಇನ್ನೂ ದೊಡ್ಡದು. ಕೋಕಾ ಗಿಡದ ಬೇರಿನ ಸುತ್ತಲ ಮಣ್ಣಿನಲ್ಲಿ ಕೊಕೇನ್ ತಿಂದು ಬದುಕಬಲ್ಲ ರೋಡೋಕಾಕಸ್ ಎಂಬ ಬ್ಯಾಕ್ಟೀರಿಯ ಸಿಕ್ಕಿದೆ. ಅದರ ಕಿಣ್ವ ಬಲು ಚುರುಕು, ಆದರೆ ನಮ್ಮ ಮೈಬಿಸಿಗೆ 15 ನಿಮಿಷದೊಳಗೆ ಅರ್ಧ ಸತ್ವ ಹೋಗುತ್ತದೆ. ಚೀನಾದ ತಂಬಾಕು ಹೊಲದ ಮಣ್ಣಲ್ಲಿ ಸಿಕ್ಕ ಸೂಡೋಮೊನಾಸ್ ಪುಟಿಡಾಗೆ ನಿಕೋಟಿನ್ನೇ ಊಟ. 2015ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯ ಕಿಮ್ ಜಾಂಡಾ ತಂಡ ಅದರ ಕಿಣ್ವವನ್ನು ಇಲಿಯ ರಕ್ತಸಾರಕ್ಕೆ ಬೆರೆಸಿತು. ಅರ್ಧಕ್ಕಿಳಿಯಲು ಗಂಟೆಗಟ್ಟಲೆ ಹಿಡಿಯುತ್ತಿದ್ದ ನಿಕೋಟಿನ್ 9ರಿಂದ 15 ನಿಮಿಷದಲ್ಲಿ ಇಳಿಯಿತು. ವಿಷ ಎಲ್ಲಿ ಬೆಳೆಯುತ್ತದೋ ಅದನ್ನು ಉಣ್ಣುವ ಜೀವವೂ ಅದರ ಬುಡದಲ್ಲೇ! ನಿಪ್ಪಾಣಿಯ ಬೀಡಿ ತಂಬಾಕಿನ ಹೊಲಗಳಲ್ಲೂ ನಮ್ಮವರು ಹಿಡಿ ಮಣ್ಣು ಕೆದಕಿ ನೋಡಬೇಕು.

ಸಂಜೆ ಹಾವೇರಿಗೆ ಮರಳಿದರೆ, ಬಸ್ ನಿಲ್ದಾಣದ ಹೊರಗಿನ ಡಬ್ಬಿ ಅಂಗಡಿಯಲ್ಲಿ ಪಾನ್ ಮಸಾಲಾದ್ದೊಂದು ಸರ, ತಂಬಾಕಿನದ್ದೊಂದು ಸರ. 2013ರಲ್ಲೇ ರಾಜ್ಯದಲ್ಲಿ ಗುಟ್ಕಾ ನಿಷೇಧವಾಗಿದೆ; ಹುಡುಗರು ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

ಈ ಕಿಣ್ವಗಳು ಔಷಧ ಅಂಗಡಿಗೆ ಇನ್ನೂ ಬಂದಿಲ್ಲ. ತಂಬಾಕು ಬಿಡಬೇಕೆನ್ನುವವರು 1800-11-2356ಕ್ಕೆ, ಕುಡಿತ ಮತ್ತು ಮಾದಕದ ಚಟಕ್ಕೆ ಸಿಕ್ಕವರು 14446ಕ್ಕೆ ಕರೆ ಮಾಡಬಹುದು, ದುಡ್ಡಿಲ್ಲ. ಬೆಳೆಗೆ ಎಣ್ಣಿ ಹೊಡೆದು ತಲೆ ತಿರುಗಿದರೆ ಮನೆಮದ್ದು ಮಾಡುತ್ತ ಕೂರಬೇಡಿ, ಬಾಟಲಿಯನ್ನೂ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಯಾವ ವಿಷ ಎಂಬುದು ಡಾಕ್ಟರಿಗೆ ಮೊದಲು ಗೊತ್ತಾಗಬೇಕು.