ಶಿಬಿರಾಗ್ನಿ

ಮಾನವನು ಪಳಗಿಸಿಕೊಂಡ ಶಕ್ತಿಗಳಲ್ಲಿ ಅಗ್ನಿಗೆ ಅಗ್ರಸ್ಥಾನವಿದೆ. ಒಲೆಯಲ್ಲಿದ್ದಾಗ ಅದು ಅನ್ನವನ್ನು ಬೇಯಿಸುತ್ತದೆ. ಹಣತೆಯಲ್ಲಿದ್ದಾಗ ದಾರಿ ತೋರುತ್ತದೆ. ಎಲ್ಲೆ ಮೀರಿದಾಗ ಮನೆಯನ್ನೂ ಕಾಡನ್ನೂ ನುಂಗುತ್ತದೆ. ಈ ಎಲ್ಲೆಯ ಅರಿವನ್ನು ಎಳೆಯರಿಗೆ ಕಲಿಸುವ ಒಳ್ಳೆಯ ಪಾಠಗಳಲ್ಲಿ ಶಿಬಿರಾಗ್ನಿಯೂ ಒಂದು.

1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಬಾಲಕರಿಗಾಗಿ ಒಂದು ಶಿಬಿರವನ್ನು ನಡೆಸಿದನು. ರಾತ್ರಿ ಬೆಂಕಿಯ ಸುತ್ತ ಕುಳಿತು ಕಥೆ ಕೇಳುವುದು ಅಲ್ಲಿನ ದಿನಚರಿಯ ಭಾಗವಾಗಿತ್ತು. ಆ ಪದ್ಧತಿ ಸ್ಕೌಟ್ ಚಳವಳಿಯೊಡನೆ ನಮ್ಮ ನಾಡಿಗೂ ಬಂದಿತು. ಆದರೆ ಬೆಂಕಿಯ ಸುತ್ತ ಕುಳಿತು ಚಳಿ ಕಾಯಿಸಿಕೊಳ್ಳುತ್ತ ಕಥೆ ಹೇಳುವುದು ಮಲೆನಾಡಿಗೆ ಹೊಸತೇನಲ್ಲ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಬಯಲುಸೀಮೆಯೂ ಮಲೆನಾಡೂ ಒಂದನ್ನೊಂದು ಸಂಧಿಸುವ ನಾಡು. ಹಗಲಲ್ಲಿ ಬಳ್ಳಿಗಾವಿಯ ಕೇದಾರೇಶ್ವರ ದೇಗುಲವನ್ನೂ ತಾಳಗುಂದದ ಸ್ತಂಭಶಾಸನವನ್ನೂ ಕಂಡು ದಣಿದ ಬಾಲಕರ ತಂಡವೊಂದು ಸಂಜೆ ಸೊರಬದ ಕಡೆಯ ಊರೊಂದರಲ್ಲಿ ಬಿಡಾರ ಹೂಡಿದರೆ, ಮಾಗಿಯ ಚಳಿಯೇ ಅವರನ್ನು ಬೆಂಕಿಯ ಬಳಿಗೆ ಕರೆಯುತ್ತದೆ.

ಬೆಂಕಿ ಹೊತ್ತಿಸುವ ಮೊದಲು ಸ್ಥಳವನ್ನು ಆರಿಸಬೇಕು. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಾಕುವುದನ್ನು 1963ರ ಕರ್ನಾಟಕ ಅರಣ್ಯ ಕಾಯ್ದೆ ನಿಷೇಧಿಸಿದೆ. ಆದುದರಿಂದ ಊರವರ ಒಪ್ಪಿಗೆ ಪಡೆದ ಬಯಲೇ ಯೋಗ್ಯವಾದುದು. ಮರದ ಕೊಂಬೆ, ಹುಲ್ಲಿನ ಬಣವೆ, ಡೇರೆಗಳಿಂದ ದೂರದಲ್ಲಿ ತರಗೆಲೆಗಳನ್ನು ಗುಡಿಸಿ ನೆಲವನ್ನು ಬರಿದುಮಾಡಬೇಕು. ಹಳ್ಳದ ಒದ್ದೆ ಕಲ್ಲುಗಳನ್ನು ಸುತ್ತಲೂ ಇಡಬಾರದು. ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುವುದುಂಟು. ಗೆಣ್ಣು ಒಡೆಯದ ಬಿದಿರೂ ಹಾಗೆಯೇ ಸಿಡಿಯುತ್ತದೆ.

ಒಣಹುಲ್ಲು, ತೆಂಗಿನ ನಾರುಗಳನ್ನು ನಡುವೆ ಇಟ್ಟು, ಮೇಲೆ ಪುರಲೆಗಳನ್ನೂ ಅನಂತರ ಸಣ್ಣ ಸೌದೆಯನ್ನೂ ಗೋಪುರದಂತೆ ಒರಗಿಸಬೇಕು. ಗಾಳಿಯಾಡಲು ಎಡೆಯಿಲ್ಲದಿದ್ದರೆ ಹೊಗೆಯೇ ಹೊರತು ಜ್ವಾಲೆಯಿಲ್ಲ. ಕಿರಿದು ಹೊತ್ತಿಕೊಂಡ ಮೇಲೆಯೇ ಹಿರಿದಕ್ಕೆ ಸರದಿ. ಆತುರಪಟ್ಟು ದೊಡ್ಡ ಕೊರಡನ್ನು ಹೇರಿದವನ ಬೆಂಕಿ ಹುಟ್ಟುವ ಮೊದಲೇ ಸಾಯುತ್ತದೆ. ಜ್ವಾಲೆ ಎದ್ದಾಗ ಹಾಡು, ಅಣಕು, ನಗೆ, ಅದು ತಗ್ಗಿ ಕೆಂಡವಾದಾಗ ಕಥೆ, ಕೊನೆಯಲ್ಲಿ ಮೌನ. ಬೆಂಕಿಯ ಸುತ್ತಣ ವೃತ್ತದಲ್ಲಿ ಮೊದಲ ಸಾಲು, ಕೊನೆಯ ಸಾಲು ಎಂಬ ಭೇದವಿಲ್ಲ.

ಆದರೆ ಬೆಂಕಿ ಹೊತ್ತಿಸುವುದು ಅರ್ಧ ವಿದ್ಯೆ, ಆರಿಸುವುದು ಉಳಿದರ್ಧ. ಕೆಂಡಗಳನ್ನು ಹರಡಿ, ನೀರು ಹೊಯ್ದು, ಕೋಲಿನಿಂದ ಕಲಕಿ, ಮತ್ತೆ ನೀರು ಹೊಯ್ಯಬೇಕು. ಬೂದಿಯ ಸಮೀಪಕ್ಕೆ ಅಂಗೈಯ ಹಿಂಬದಿಯನ್ನು ಒಯ್ದಾಗ ಬಿಸಿ ತಾಗದಂತಿರಬೇಕು. ಬರಿಯ ಮಣ್ಣು ಮುಚ್ಚಿ ನಡೆದರೆ ಸಾಲದು. ಅದರಡಿಯಲ್ಲಿ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರಬಲ್ಲದು.

ಈ ಎಚ್ಚರಿಕೆಯ ಬೆಲೆಯನ್ನು ಸೊರಬದ ಕಾನುಗಳೇ ಸಾರುತ್ತವೆ. ಕಾನು ಎಂದರೆ ಹಳ್ಳಿಗರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ನಿತ್ಯಹರಿದ್ವರ್ಣದ ಕಾಡು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಈ ಒಂದೇ ತಾಲ್ಲೂಕಿನಲ್ಲಿ 171 ಕಾನುಗಳನ್ನು ಗುರುತಿಸಿದರು. ಅಲ್ಲಿ ದೇವರ ನೆಲೆಗಳಿದ್ದವು. ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿಗಳಿದ್ದವು. ಎಲೆ ಉದುರಿಸುವ ಕಾಡಿನ ಮತ್ತಿಯಂತಹ ದಪ್ಪ ತೊಗಟೆಯ ಮರ ನೆಲದ ಬೆಂಕಿಯನ್ನು ತಾಳಿಕೊಂಡೀತು. ಕಾನಿನ ಎಳೆಯ ಸಸಿಯೂ ಮೆಣಸಿನ ಬಳ್ಳಿಯೂ ತಾಳಲಾರವು. ಆ ಕಾನುಗಳು ಉಳಿದುಬಂದುದರ ಹಿಂದೆ ಬೆಂಕಿಯನ್ನು ದೂರವಿಟ್ಟ ಅನೇಕ ಕೈಗಳ ಸಂಯಮವಿದೆ. ಆ ಸಂಯಮ ತಪ್ಪಿದರೆ ಆಗುವ ಹಾನಿ ಎಷ್ಟೆಂಬುದನ್ನು 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಉರಿದಾಗ ನಾಡು ಕಂಡಿತು.

ಶಿಬಿರ ಮುಗಿದು ಮಕ್ಕಳು ಹೊರಟ ಮೇಲೆ ಅಲ್ಲಿ ತಣ್ಣಗಿನ ನೆಲ ಮಾತ್ರ ಉಳಿಯಬೇಕು. ಮರುದಿನ ದನ ಮೇಯಿಸಲು ಬಂದವನಿಗೆ ಬೆಂಕಿ ಉರಿದ ಜಾಗ ತಿಳಿಯದಿದ್ದರೆ, ಶಿಬಿರಾಗ್ನಿಯ ಪಾಠ ಪೂರ್ಣವಾಯಿತೆನ್ನಬಹುದು.