ನೆರಳು ಬಿಟ್ಟು ಎದ್ದವಳು

ನವಿ ಮುಂಬೈಯ ತುರ್ಭೆ ನಾಕಾದ ಬಸ್‌ಸ್ಟಾಪು, ಏಪ್ರಿಲ್ ತಿಂಗಳ ಮಧ್ಯಾಹ್ನ. ಎಪಿಎಂಸಿ ಮಾರ್ಕೆಟ್ಟಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಸೂರಿನಡಿಯ ತುಂಡು ನೆರಳಿನಲ್ಲಿ ಆರೇಳು ಮಂದಿ ಒತ್ತಿಕೊಂಡಿದ್ದೆವು. ಅಷ್ಟರಲ್ಲಿ ಒಬ್ಬಾತ ಬೀಡಿ ಹಚ್ಚಿದ. ನನ್ನ ಪಕ್ಕ ಕೂತಿದ್ದ ತುಂಬು ಬಸುರಿ ಮೂಗಿಗೆ ಸೆರಗು ಒತ್ತಿ, ಎದ್ದು ಹೋಗಿ ಬಿಸಿಲಲ್ಲಿ ನಿಂತಳು.

"ನೆರಳಿಗೆ ಬಾರವ್ವಾ" ಎಂದೆ.

"ಇರ್ಲಿ ಬಿಡ್ರಿ ಅಕ್ಕಾ. ಹೊಗಿ ಕೂಸಿಗಿ ಆಗಂಗಿಲ್ರಿ."

ಕಲಬುರಗಿ ಕಡೆಯ ಮಾತು. ಕಟ್ಟಡದ ಕೆಲಸಕ್ಕೆ ಬಂದವಳಂತೆ. ಯಾವ ವೈದ್ಯರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಬೇರೆಯವರ ಹೊಗೆ ಕುಡಿದ ಬಸುರಿಯ ಮಗು ಕಡಿಮೆ ತೂಕದ್ದಾಗಿ ಹುಟ್ಟುವ ಅಪಾಯ ಹೆಚ್ಚು. ಜಪಾನಿನ ಸಂಶೋಧಕ ಹಿರಾಯಾಮಾ 1981ರಲ್ಲೇ ತೋರಿಸಿದ್ದರು: ತಾವು ಸೇದದಿದ್ದರೂ, ಗಂಡ ಸೇದುವ ಹೆಂಗಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು. ಸೇದುವವನು ಒಳಗೆಳೆದುಕೊಳ್ಳುವ ಹೊಗೆಗಿಂತ, ಉರಿಯುವ ತುದಿಯಿಂದ ಸುಮ್ಮನೆ ಏಳುವ ಹೊಗೆಯಲ್ಲಿ ವಿಷದ ಸಾಂದ್ರತೆ ಜಾಸ್ತಿ. ಅದು ಪಕ್ಕದಲ್ಲಿದ್ದವರ ಪಾಲು.

ಕಾನೂನು ಅವಳ ಕಡೆಗೇ ಇದೆ. ಮುಂಬೈಯವರೇ ಆದ ರಾಜಕಾರಣಿ ಮುರಳಿ ದೇವ್ರಾ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2001ರ ನವೆಂಬರ್ 2ರಂದು ಆಸ್ಪತ್ರೆ, ಶಾಲೆ, ಕಚೇರಿ, ಬಸ್ಸು, ರೈಲುಗಳಲ್ಲಿ ಧೂಮಪಾನ ತಡೆಯಲು ಆದೇಶಿಸಿತು. 2003ರ ತಂಬಾಕು ನಿಯಂತ್ರಣ ಕಾಯ್ದೆ ಬಂದಾಗ ಬಯಲು ಜಾಗ ಅದರ ಹೊರಗೆ ಉಳಿಯಿತು. 2008ರ ಗಾಂಧಿ ಜಯಂತಿಯಂದು ಜಾರಿಗೆ ಬಂದ ನಿಯಮ ಆ ಕಿಂಡಿ ಮುಚ್ಚಿತು; ಬಸ್‌ಸ್ಟಾಪು, ರೈಲು ನಿಲ್ದಾಣ, ಸ್ಟೇಡಿಯಂ ಯಾವುದೂ ಬಯಲಲ್ಲ ಎಂದಿತು. ದಂಡ 200 ರೂಪಾಯಿವರೆಗೆ. ಕರ್ನಾಟಕದಲ್ಲಿ 2025ರಲ್ಲಿ ಅದನ್ನು 1,000ಕ್ಕೆ ಏರಿಸಿದ್ದಾರೆ. ಏರಿಸಿದ್ದು ಸರಿಯೇ. ಆದರೆ ಇಷ್ಟು ವರ್ಷಗಳಲ್ಲಿ ಈ ನಾಕಾದಲ್ಲಿ ಯಾರೂ ದಂಡದ ರಸೀದಿ ಹರಿದದ್ದನ್ನು ನಾನು ಕಂಡಿಲ್ಲ.

ಹಾಗಾಗಿ ಆ ದಿನ ನಾನೇ ಬಾಯಿ ಬಿಟ್ಟೆ. "ಭಾವೂ, ಬಾಯಿ ಗರೋದರ್ ಆಹೇ" (ಅಣ್ಣಾ, ಈಕೆ ಬಸುರಿ) ಎಂದು ನನಗೆ ಬರುವ ಮರಾಠಿಯಲ್ಲಿ ಹೇಳಿದೆ. ಆತ ತಿರುಗಿ ಅವಳನ್ನು ನೋಡಿದ. ತಕ್ಷಣ ಬೀಡಿಯನ್ನು ಚಪ್ಪಲಿಯಡಿ ಹೊಸಕಿ, ತನ್ನ ಜಾಗವನ್ನೂ ಬಿಟ್ಟುಕೊಟ್ಟ. ಕೆಟ್ಟವನಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಹೇಳದೆ ಇದ್ದವರಲ್ಲಿ ನಾನೂ ಒಬ್ಬಳು. ಎಷ್ಟೋ ಸಲ ಮುಖ ತಿರುಗಿಸಿ ಕೂತಿದ್ದೇನೆ. ನಿಂತ ನೆಲ ನಮ್ಮದಲ್ಲ, ನಮಗೇಕೆ ಊರ ಉಸಾಬರಿ ಎನ್ನುವ ಅಳುಕು ಹೊರನಾಡಿನವರಿಗೆ ತುಸು ಹೆಚ್ಚೇ ಇರುತ್ತದೆ.

ನಿಮ್ಮ ಪಕ್ಕದಲ್ಲಿ ಯಾರಾದರೂ ಕಡ್ಡಿ ಗೀರಿದರೆ ದಯವಿಟ್ಟು ಎದ್ದು ಹೋಗಬೇಡಿ. ಹೊರಗೆ ಹೋಗಿ ಸೇದಿ ಎಂದು ಅವರಿಗೆ ಮೆಲ್ಲಗೆ ಹೇಳಿ.