ಬಾಡಿಲ್ಲದ ಸ್ಲಾಪಿ ಜೋ

ಸ್ಲಾಪಿ ಜೋ ಎಂಬ ತಿಂಡಿಯನ್ನು ಮರ್ಯಾದೆಯಿಂದ ತಿನ್ನಲು ಸಾಧ್ಯವಿಲ್ಲ. ದನದ ಕೈಮವನ್ನು ಈರುಳ್ಳಿ, ದಪ್ಪ ಮೆಣಸಿನಕಾಯಿಯ ಜೊತೆ ಹುರಿದು, ಟೊಮೆಟೊ ಸಾಸ್, ಸಾಸಿವೆ, ಸಕ್ಕರೆ, ವಿನೆಗರ್ ಸೇರಿಸಿ ಗೊಜ್ಜಿನ ಹದಕ್ಕೆ ಕುದಿಸಿ, ಮೆತ್ತನೆಯ ಬನ್ನಿನ ನಡುವೆ ಸುರಿದು ಕೊಡುತ್ತಾರೆ. ಕಚ್ಚಿದರೆ ಅರ್ಧ ಬಾಯಿಗೆ, ಅರ್ಧ ತಟ್ಟೆಗೆ. ಅದೃಷ್ಟ ಕೆಟ್ಟಿದ್ದರೆ ಅಂಗಿಗೆ. ಹೆಸರೇ ಹೇಳುವಂತೆ ಇದು ಗಲೀಜು ಜೋ. ಅಮೆರಿಕದ ಶಾಲೆಗಳ ಮಧ್ಯಾಹ್ನದ ಊಟದಲ್ಲಿ ಇದನ್ನು ತಿಂದು ಬೆಳೆದವರು ಅದರ ಹೆಸರೆತ್ತಿದರೆ ಮೊದಲು ಮುಖ ಸಿಂಡರಿಸುತ್ತಾರೆ, ಆಮೇಲೆ ನಗುತ್ತಾರೆ.

ಈ ಜೋ ಯಾರು ಎನ್ನುವುದಕ್ಕೆ ಒಂದೇ ಉತ್ತರವಿಲ್ಲ. ಹವಾನಾದಲ್ಲಿ ಆ ಹೆಸರಿನ ಬಾರ್ ಇತ್ತು. ಫ್ಲಾರಿಡಾದ ಕೀ ವೆಸ್ಟ್‌ನಲ್ಲಿ ಹೆಮಿಂಗ್ವೆ ಕೂರುತ್ತಿದ್ದ ಬಾರಿಗೂ ಅದೇ ಹೆಸರು. ನ್ಯೂಜೆರ್ಸಿಯಲ್ಲಿ ಸ್ಲಾಪಿ ಜೋ ಕೇಳಿದರೆ ಕೋಸಿನ ಸಲಾಡ್ ಇಟ್ಟ, ಮೂರು ಪದರದ, ತಣ್ಣನೆಯ ಬೇರೊಂದು ಸ್ಯಾಂಡ್‌ವಿಚ್ಚೇ ಬರುತ್ತದೆ. ನಾನಿರುವ ಅಯೋವಾದವರ ಕಥೆ ಬೇರೆ. ಇಲ್ಲಿ ಬಿಡಿಬಿಡಿ ಕೈಮವನ್ನು ಬನ್ನಿಗೆ ತುಂಬಿ ಮಾರುವುದು ಹಳೆಯ ರೂಢಿ. ಮಸ್ಕಟೀನ್ ಎಂಬ ಊರಿನಲ್ಲಿ 1926ರಲ್ಲಿ ಶುರುವಾದ ಮೇಡ್-ರೈಟ್ ಅಂಗಡಿಗಳು ಇವತ್ತಿಗೂ ಇವೆ. 1930ರ ದಶಕದಲ್ಲಿ ಸೂ ಸಿಟಿಯ ಜೋ ಎಂಬ ಅಡುಗೆಯವನು ಅದಕ್ಕೆ ಟೊಮೆಟೊ ಸಾಸ್ ಸುರಿದ ಎಂಬುದು ಇವರ ವಾದ. ದಾಖಲೆ ಗಟ್ಟಿಯಿಲ್ಲ. ಆದರೂ ನನ್ನ ಮತ ಅಯೋವಾಕ್ಕೇ. ಬಾಡಿಗೆ ಕಟ್ಟುವ ಊರಿನ ಮೇಲೆ ಅಷ್ಟಾದರೂ ಅಭಿಮಾನ ಬೇಡವೇ?

ನಾನಿಲ್ಲಿ ಮಣ್ಣಿನ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಸುತ್ತ ಎತ್ತ ನೋಡಿದರೂ ಮುಸುಕಿನ ಜೋಳ, ಇಲ್ಲವೇ ಸೋಯಾ. ಹಂದಿ ಸಾಕಣೆಯಲ್ಲಿ ಈ ರಾಜ್ಯ ದೇಶಕ್ಕೇ ಮೊದಲು. ಇಂಥ ಊರಿನಲ್ಲಿ, ನಮ್ಮ ಲ್ಯಾಬಿನವರು ತಿಂಗಳಿಗೊಮ್ಮೆ ಮನೆಯಡುಗೆ ತಂದು ಹಂಚಿ ತಿನ್ನುವ ಪಟ್ಟಿಯಲ್ಲಿ, ನನ್ನ ಹೆಸರಿನ ಮುಂದೆ ಯಾರೋ ಆಗಲೇ 'ಸಸ್ಯಾಹಾರಿ' ಎಂದು ಬರೆದಿರುತ್ತಾರೆ. ಭಾರತದವಳು, ಹಾಗಾಗಿ ಸಸ್ಯಾಹಾರಿ. ನಾನು ಮಂಡ್ಯದ ಕಡೆಯವಳು, ನಮ್ಮನೆಯಲ್ಲಿ ಭಾನುವಾರವೆಂದರೆ ಬಾಡು ಎಂದು ಎಷ್ಟೋ ಸಲ ಹೇಳಿದ್ದೇನೆ. 2014ರ ಸರ್ಕಾರಿ ಸಮೀಕ್ಷೆಯಲ್ಲೇ ನೂರಕ್ಕೆ ಎಪ್ಪತ್ತೊಂದು ಭಾರತೀಯರು ಮಾಂಸಾಹಾರಿಗಳು ಎಂದಿತ್ತು ಎಂದೂ ಹೇಳಿದ್ದೇನೆ. ಕೇಳಿ ತಲೆಯಾಡಿಸುತ್ತಾರೆ. ಮುಂದಿನ ತಿಂಗಳು ಮತ್ತೆ ಅದೇ ಪಟ್ಟಿ.

ನಗು ಬರುವುದು ಯಾಕೆಂದರೆ, ಎಂಎಸ್ಸಿ ಓದುವಾಗ ಬೆಂಗಳೂರಿನಲ್ಲಿ ರೂಮು ಹುಡುಕಲು ಹೋದಾಗ ಆದದ್ದು ಇದರ ತಲೆಕೆಳಗು. "ನೀವು ಯಾವ ಜನ?" ಎಂದು ನೇರವಾಗಿ ಕೇಳಲು ನಾಚುವವರು "ನೀವು ವೆಜ್ ತಾನೇ?" ಎನ್ನುತ್ತಿದ್ದರು. ಅಲ್ಲ ಎಂದರೆ ರೂಮು ಆಗಲೇ ಬೇರೆಯವರಿಗೆ ಆಗಿಹೋಗಿರುತ್ತಿತ್ತು. ಒಂದು ಮನೆಯಲ್ಲಿ ನಲ್ಲಿ, ಕಿಟಕಿ ಎಲ್ಲ ತೋರಿಸಿ ಅಡ್ವಾನ್ಸಿನ ಲೆಕ್ಕವೂ ಆದ ಮೇಲೆ ಆಕೆ ಈ ಪ್ರಶ್ನೆ ಕೇಳಿದ್ದರು. ನನಗೆ ಕೊಟ್ಟಿದ್ದ ಕಾಫಿ ಇನ್ನೂ ಬಿಸಿಯಾಗಿತ್ತು.

ಹಾಗಾಗಿ ಬೇಳೆಯ ಸ್ಲಾಪಿ ಜೋ ಮಾಡಲು ನನಗೆ ಮನಸ್ಸೇ ಇರಲಿಲ್ಲ. ಮಾಡಿದ್ದು ಲ್ಯಾಬಿನ ಇಥಿಯೋಪಿಯಾದ ಗೆಳೆಯನಿಗಾಗಿ. ಈಸ್ಟರ್‌ಗೆ ಮುಂಚಿನ ಅವರ ದೊಡ್ಡ ಉಪವಾಸ ನಡೆಯುತ್ತಿತ್ತು. ಆ ದಿನಗಳಲ್ಲಿ ಅವನು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ. ಆ ಸಲದ ಪಟ್ಟಿಯಲ್ಲಿ ಎಲ್ಲರೂ ಚೀಸು, ಕೋಳಿ, ಹಂದಿ ಎಂದು ಬರೆದಿದ್ದರು. ಅವನು "ಬ್ರೆಡ್" ಎಂದಷ್ಟೇ ಬರೆದಿದ್ದ.

ಆರಿಸಿದ್ದು ಚನ್ನಂಗಿಯನ್ನು. ಇಲ್ಲಿ ಕಂದು ಲೆಂಟಿಲ್ ಎಂದು ಸಿಗುವ, ಸಿಪ್ಪೆ ತೆಗೆಯದ ಇಡೀ ಕಾಳು. ಸಿಪ್ಪೆ ತೆಗೆದು ಒಡೆದ ಕೆಂಪು ಬೇಳೆ ಈ ಕೆಲಸಕ್ಕೆ ಆಗದು, ಕರಗಿ ಸಾರಾಗಿಬಿಡುತ್ತದೆ. ಬನ್ನಿನೊಳಗೆ ಹಲ್ಲಿಗೆ ಏನಾದರೂ ಸಿಗಬೇಕು. ಒಂದು ಲೋಟ ಕಾಳಿಗೆ ಮೂರು ಲೋಟ ನೀರು, ಇಪ್ಪತ್ತೈದು ನಿಮಿಷ. ಮುಖ್ಯವಾದ ಮಾತೆಂದರೆ, ಕಾಳು ಬೇಯುವ ಮೊದಲು ಟೊಮೆಟೊ ಬೀಳಬಾರದು. ಹುಳಿ ಬಿದ್ದರೆ ಕಾಳಿನ ಪೆಕ್ಟಿನ್ ಬಿಗಿಯಾಗಿ ಉಳಿಯುತ್ತದೆ, ಎಷ್ಟು ಕುದಿಸಿದರೂ ಬಿರುಸು. ಹುಣಸೆಹಣ್ಣನ್ನು ಬೇಳೆ ಬೆಂದ ಮೇಲೆಯೇ ಹಾಕುವ ಅವ್ವನಿಗೆ ಪೆಕ್ಟಿನ್ ಎಂಬ ಹೆಸರು ಗೊತ್ತಿಲ್ಲ, ಅಷ್ಟೇ.

ಆಮೇಲೆ ಎಣ್ಣೆಯಲ್ಲಿ ಈರುಳ್ಳಿ, ದಪ್ಪ ಮೆಣಸಿನಕಾಯಿ, ಬೆಳ್ಳುಳ್ಳಿ. ಟೊಮೆಟೊ ಸಾಸ್, ಒಂದು ಚಮಚ ಸಾಸಿವೆ ಪೇಸ್ಟು, ಎರಡು ಚಮಚ ಕಂದು ಸಕ್ಕರೆ. ಇಲ್ಲಿಯವರು ಇದಕ್ಕೆ ವೂಸ್ಟರ್‌ಶೈರ್ ಸಾಸ್ ತಪ್ಪದೆ ಹಾಕುತ್ತಾರೆ. ಬಾಟಲಿ ತಿರುಗಿಸಿ ಓದಿದರೆ ಆಂಚವಿ ಎಂಬ ಸಣ್ಣ ಮೀನು ಅದರಲ್ಲಿದೆ. ಕೈಮ ತೆಗೆದು ಬೇಳೆ ಹಾಕಿ 'ಸಸ್ಯಾಹಾರಿ' ಎಂದುಕೊಂಡವರ ತಟ್ಟೆಗೆ ಎಷ್ಟು ಮೀನು ಹೋಗಿದೆಯೋ! ಅದೇ ಪಟ್ಟಿಯಲ್ಲಿ ಎರಡು ಹೆಸರು ಕೆಳಗೆ ಹುಣಸೆಹಣ್ಣು. ಇಂಗ್ಲಿಷರ ಈ ಸಾಸಿನೊಳಗೆ ಅದು ಮೊದಲಿನಿಂದ ಕೂತಿದೆ. ನಾನು ಮೀನು ಬಿಟ್ಟೆ, ಹುಣಸೆ ಉಳಿಸಿಕೊಂಡೆ. ಉಪ್ಪಿಗೆ ಸ್ವಲ್ಪ ಸೋಯಾ ಸಾಸ್. ಕಾಲುಭಾಗ ಕಾಳನ್ನು ಸೌಟಿನ ಬೆನ್ನಿನಿಂದ ಮಸೆದರೆ ಗೊಜ್ಜು ಕೂಡಿಕೊಳ್ಳುತ್ತದೆ. ಬನ್ನನ್ನು ಹೆಂಚಿನ ಮೇಲೆ ಎಣ್ಣೆ ಸವರಿ ಕಾಯಿಸಲೇಬೇಕು, ಇಲ್ಲವಾದರೆ ಎರಡೇ ನಿಮಿಷಕ್ಕೆ ನೆನೆದ ಬಟ್ಟೆಯಂತಾಗುತ್ತದೆ.

ಇಥಿಯೋಪಿಯಾದ ಗೆಳೆಯ ಮೂರು ತಿಂದ. ಅವರಲ್ಲೂ ಚನ್ನಂಗಿಯ ಖಾರದ ಪಲ್ಯವಿದೆ, ಮಿಸಿರ್ ವಟ್ ಅಂತ, ಹುಳಿದೋಸೆಯಂಥ ಇಂಜೆರಾದ ಮೇಲೆ ಬಡಿಸುತ್ತಾರೆ. "ಸಕ್ಕರೆ ಜಾಸ್ತಿ" ಎಂದ. ನಿಜವೇ. ಆದರೆ ನಾನು ಕಾದಿದ್ದು ನಮ್ಮ ಲ್ಯಾಬಿನ ಟೆಕ್ನೀಶಿಯನ್ ಹೆಂಗಸಿನ ಮಾತಿಗೆ. ಅರವತ್ತು ದಾಟಿದವರು, ಅಯೋವಾದ ರೈತರ ಮನೆಯವರು, ಈ ತಿಂಡಿಯ ವಿಷಯದಲ್ಲಿ ಮಡಿವಂತರು. ನಿಧಾನವಾಗಿ ಅಗಿದು, ಬೆರಳು ನೆಕ್ಕಿ, "ನಮ್ಮಮ್ಮ ಓಟ್ಸ್ ಹಾಕುತ್ತಿದ್ದಳು" ಎಂದರು. ಒಂದು ಪೌಂಡು ಕೈಮ, ಮನೆಯಲ್ಲಿ ಒಂಬತ್ತು ಜನ. ಓಟ್ಸ್, ಒಣಬ್ರೆಡ್ಡಿನ ಪುಡಿ, ಕೆಲವು ವಾರ ಬರೀ ಬೀನ್ಸ್. ಅದಕ್ಕೂ ಸ್ಲಾಪಿ ಜೋ ಎಂದೇ ಹೆಸರು, ಯಾರೂ ಕೇಳುತ್ತಿರಲಿಲ್ಲವಂತೆ. 1969ರಲ್ಲಿ ಮ್ಯಾನ್‌ವಿಚ್ ಎಂಬ ಡಬ್ಬಿಯ ಸಾಸ್ ಬಂದು ಎಲ್ಲ ಮನೆಯ ರುಚಿಯೂ ಒಂದೇ ಆಯಿತು ಎಂದು ಬೇಸರಪಟ್ಟುಕೊಂಡರು.

ಅಲ್ಲಿಯವರೆಗೆ ನಾನು ನನ್ನ ಅಡುಗೆಯನ್ನು ನಕಲು ಎಂದುಕೊಂಡಿದ್ದೆ. 1930ರ ದಶಕ ಅಮೆರಿಕದ ಮಹಾಕುಸಿತದ ಕಾಲ ಎಂದು ಪಾಠದಲ್ಲಿ ಓದಿದ್ದೆನೇ ಹೊರತು ಬನ್ನಿನೊಳಗೆ ಅದನ್ನು ನೋಡಿರಲಿಲ್ಲ. ಇದ್ದಷ್ಟು ಬಾಡನ್ನು ಎಳೆದು ಎಲ್ಲರ ತಟ್ಟೆಗೂ ಮುಟ್ಟಿಸುವ ಉಪಾಯವಿದು.

ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಎಂಟು ಗಂಟೆ. ಎಲ್ಲ ಕೇಳಿ ಅವಳೆಂದಳು: "ಬಾಡಿಲ್ದೆ ಬಾಡ್ ಸಾರ್ ಮಾಡದ ಅಮೇರಿಕಕ್ಕೋಗಿ ಕಲೀಬೇಕಿತ್ತಾ ಮಗ?" ಆಗ ನೆನಪಾಯಿತು. ತಿಂಗಳ ಕೊನೆಯ ಭಾನುವಾರಗಳಲ್ಲಿ ಅದೇ ಚಕ್ಕೆ, ಲವಂಗ, ಗಸಗಸೆ, ಹುರಿಗಡಲೆ, ಕಾಯಿ ರುಬ್ಬಿ ಬದನೆಕಾಯಿ, ಆಲೂಗಡ್ಡೆಯ ಮಸಾಲೆ ಸಾರು ಮಾಡುತ್ತಿದ್ದಳು. ಮಳೆಗಾಲದಲ್ಲಿ ಅಣಬೆ, ಬೇಸಿಗೆಯಲ್ಲಿ ಎಳೆ ಹಲಸಿನಕಾಯಿ. ನೆಂಟರು ಹೇಳದೆ ಬಂದರೆ ಅರ್ಧ ಕೇಜಿ ಬಾಡಿನ ಪಾತ್ರೆಗೆ ಒಂದು ಸೇರು ಅವರೆಕಾಳು ಬೀಳುತ್ತಿತ್ತು. ಬೀದಿಗೆಲ್ಲ ಬಾಡ್ಸಾರಿನ ವಾಸನೆ. ಒಳಗೇನಿದೆ ಎಂದು ನಮಗೆ ಮಾತ್ರ ಗೊತ್ತು.

ಒಂದು ವಾರದ ಮೇಲೆ ಅವಳೇ ಫೋನ್ ಮಾಡಿದಳು. ಚನ್ನಂಗಿ ಸಿಗಲಿಲ್ಲವಂತೆ, ಅಲಸಂದೆ ಕಾಳಲ್ಲಿ ಮಾಡಿದಳಂತೆ. ಬನ್ನು ಅಪ್ಪನಿಗೆ ಸೇರಲಿಲ್ಲ.

"ಮುದ್ದೆಗೆ ಚೆನ್ನಾಗದೆ ಕಣ್ ಮಗ. ಸಕ್ರೆ ಹಾಕ್ಲಿಲ್ಲ, ಸಾರಿಗ್ ಯಾರ್ ಹಾಕಾರು?"